ಮೊದಲು ಕಂಬ, ಆಮೇಲೆ ಕೋಣೆ

ಮಂಡ್ಯ ಜಿಲ್ಲೆಯ ಹಲಗೂರಿನ ಪೇಟೆಬೀದಿಯಲ್ಲಿ ತಲೆಯೆತ್ತಿ ನೋಡುತ್ತ ನಡೆದರೆ ಎಷ್ಟೋ ತಾರಸಿಗಳ ಮೇಲೆ ಕಬ್ಬಿಣದ ಕಂಬಿಗಳು ಚಾಚಿಕೊಂಡಿರುವುದು ಕಾಣುತ್ತದೆ. ಕನಕಪುರದಿಂದ ಮಳವಳ್ಳಿ, ಕೊಳ್ಳೇಗಾಲದ ಕಡೆಗೆ ಹೋಗುವ ರಸ್ತೆಯ ಮೇಲಿನ ಊರು ಇದು. ರಸ್ತೆ ಬದಿಯಲ್ಲಿ ಸೈಟು ಇದ್ದವರೆಲ್ಲರ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ: ಕೆಳಗೆ ಅಂಗಡಿ, ಮೇಲೆ ಮನೆ, ಕೈಯಲ್ಲಿ ಇನ್ನಷ್ಟು ದುಡ್ಡು ಸೇರಿದಾಗ ಅದರ ಮೇಲೆ ಬಾಡಿಗೆಗೊಂದು ಮನೆ. ಆ ಕಂಬಿಗಳು ಮುಂದಿನ ಅಂತಸ್ತಿಗಾಗಿ ಬಿಟ್ಟವು. ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಮಗ ಕಟ್ಟಲಿರುವ ಮನೆಯ ಕಂಬಗಳು ಎಲ್ಲಿ ನಿಲ್ಲಬೇಕು ಎಂಬುದನ್ನು ಅಪ್ಪ ಇಂದೇ ತೀರ್ಮಾನಿಸಿಬಿಟ್ಟಿದ್ದಾನೆ. ಇಷ್ಟು ದೂರದವರೆಗೆ ಕೈಚಾಚುವ ತೀರ್ಮಾನ ಮನೆ ಕಟ್ಟುವ ಕೆಲಸದಲ್ಲಿ ಇನ್ನೊಂದಿಲ್ಲ. ಆದರೆ ಎಲ್ಲಕ್ಕಿಂತ ಕಡಿಮೆ ಯೋಚಿಸಿ ತೆಗೆದುಕೊಳ್ಳುತ್ತಿರುವುದೂ ಇದನ್ನೇ.

ಈಗಿನ ರೂಢಿ ನೋಡಿ. ಸೈಟಿನ ಅಳತೆಗೆ ಮೊದಲು ಆಯ ಕೂಡಿಸುತ್ತಾರೆ. ಆಮೇಲೆ ಮನೆಯವರೆಲ್ಲ ಕುಳಿತು ಹಾಲ್ ಇಷ್ಟು, ಅಡುಗೆಮನೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ, ಮಾಸ್ಟರ್ ಬೆಡ್‌ರೂಮ್ ನೈಋತ್ಯಕ್ಕೆ ಎಂದು ಕೋಣೆಗಳನ್ನು ಜೋಡಿಸುತ್ತಾರೆ. ಕಂಪ್ಯೂಟರಿನಲ್ಲಿ ಬರೆಸಿದ ನಕ್ಷೆಯೊಂದು ಕೈಗೆ ಬರುತ್ತದೆ. ಗುದ್ದಲಿ ಪೂಜೆ ಮುಗಿದ ಮೇಲೆ ಮೇಸ್ತ್ರಿ ದಾರ ಎಳೆದು, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಗೋಡೆಗಳು ಕೂಡುವ ಮೂಲೆಗಳಲ್ಲಿ ಒಂದೊಂದು ಪಿಲ್ಲರ್ ಗುಂಡಿ ಗುರುತು ಮಾಡುತ್ತಾರೆ. ಅಲ್ಲಿಗೆ ಕಂಬಗಳ ಯೋಜನೆ ಮುಗಿಯಿತು. ಕೋಣೆ ಮೊದಲು, ಕಂಬ ಕೊನೆ. ಈ ಕ್ರಮ ತಿರುಗಬೇಕು ಎಂಬುದು ನನ್ನ ವಾದ. ಕಟ್ಟಡದ ಚೌಕಟ್ಟನ್ನು, ಅಂದರೆ ಕಂಬಗಳ ಸಾಲು ಮತ್ತು ಅವುಗಳ ನಡುವಿನ ಅಂತರವನ್ನು, ಮೊದಲು ನಿಶ್ಚಯಿಸಿ ಕೋಣೆಗಳನ್ನು ಅದರೊಳಗೆ ಹೊಂದಿಸಿಕೊಳ್ಳಬೇಕು. ಕನಿಷ್ಠಪಕ್ಷ ಎರಡನ್ನೂ ಒಟ್ಟಿಗೆ ಕೂತು ಯೋಚಿಸಬೇಕು.

ಇದು ಎಂಜಿನಿಯರಿಂಗ್ ಕಾಲೇಜಿನಿಂದ ಹೊಸದಾಗಿ ಬಂದ ಮಾತಲ್ಲ. ನಮ್ಮ ಸೀಮೆಯ ಹಳೆಯ ಮನೆಗಳು ಎದ್ದದ್ದೇ ಹೀಗೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಹಿರಿಯರು ಚದರಡಿ ಹೇಳುತ್ತಿರಲಿಲ್ಲ, ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ನಾಲ್ಕು ಕಂಬ, ಅವುಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತೆ: ಇವು ಸುತ್ತುವರಿದ ಜಾಗ ಒಂದು ಅಂಕಣ. ಎಷ್ಟು ಉದ್ದದ ಮರ ಸಿಗುತ್ತದೆ, ಅದು ಬಾಗದೆ ಎಷ್ಟು ದೂರ ಹೊರುತ್ತದೆ ಎಂಬುದು ಅಂಕಣದ ಅಳತೆಯನ್ನು ಹೇಳುತ್ತಿತ್ತು. ಬಡವನದು ಎರಡಂಕಣ, ಅನುಕೂಲಸ್ಥನದು ಹತ್ತಾರು ಅಂಕಣ. ಆದರೆ ಒಂದು ಅಂಕಣದ ಅಳತೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಪಡಸಾಲೆಗೆ ಮೂರು ಅಂಕಣ, ಕೊಟ್ಟಿಗೆಗೆ ಎರಡು, ಅಡುಗೆಮನೆಗೆ ಒಂದು ಎಂದು ಬದುಕು ಆ ಲೆಕ್ಕದೊಳಗೆ ಹೊಂದಿಕೊಳ್ಳುತ್ತಿತ್ತು. ತೊಟ್ಟಿಮನೆಯ ತೊಟ್ಟಿಯೂ ಒಂದು ಅಂಕಣವೇ. ಅದಕ್ಕೆ ಮಾಡು ಹೊದಿಸದೆ ಬಿಟ್ಟಿದ್ದಾರೆ, ಅಷ್ಟೇ. ಸುತ್ತಲ ನಾಲ್ಕು ಕಂಬಗಳು ತಮ್ಮ ಸಾಲು ತಪ್ಪಿಲ್ಲ. ಮನೆಯ ನಡುಭಾಗವನ್ನು ಬಯಲಾಗಿ ಬಿಡಬೇಕೆಂಬ ವಾಸ್ತುವಿನ ನಿಯಮ, ಗಾಳಿ ಬೆಳಕು ಬೇಕೆಂಬ ಮನುಷ್ಯನ ಆಸೆ, ತೊಲೆಯ ಶಕ್ತಿಯ ಮಿತಿ ಮೂರೂ ಅಲ್ಲಿ ಒಂದೇ ಚೌಕಟ್ಟಿನಲ್ಲಿ ಕೂಡಿಕೊಂಡಿವೆ. ವಾಸ್ತು ನೋಡುವವರಿಗೆ ಕಂಬಗಳ ಶಿಸ್ತು ಅಡ್ಡಿ ಎನ್ನುವವರು ಇನ್ನೂ ಉಳಿದಿರುವ ಒಂದು ತೊಟ್ಟಿಮನೆಯೊಳಗೆ ಸ್ವಲ್ಪ ಹೊತ್ತು ನಿಂತು ನೋಡಬೇಕು.

ಬನ್ನೂರಿನ ಹತ್ತಿರದ ಸೋಮನಾಥಪುರಕ್ಕೆ ಹೋದರೆ ಇದೇ ವಿಚಾರ ಕಲ್ಲಿನಲ್ಲಿ ಕಾಣುತ್ತದೆ. 13ನೆಯ ಶತಮಾನದ ಆ ಕೇಶವ ದೇವಾಲಯದ ಹೊರಗೋಡೆಯ ಶಿಲ್ಪವನ್ನು ಎಲ್ಲರೂ ನೋಡುತ್ತಾರೆ. ಒಳಗಿನ ಮಂಟಪದ ಕಂಬಗಳ ಅಂತರವನ್ನು ಗಮನಿಸುವವರು ಕಡಿಮೆ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಎರಡು ಕಂಬಗಳ ಮೇಲೆ ಅಡ್ಡಲಾಗಿ ಮಲಗಿಸಿದ ಕಲ್ಲುತೊಲೆಯ ತಳಭಾಗ ಯಾವಾಗಲೂ ಎಳೆತದಲ್ಲಿರುತ್ತದೆ, ಬಿರುಕು ಹುಟ್ಟುವುದು ಅಲ್ಲೇ. ಆದ್ದರಿಂದ ಸ್ಥಪತಿಗಳು ಕಂಬಗಳನ್ನು ಹತ್ತಿರ ಹತ್ತಿರ, ಸಾಲು ತಪ್ಪದಂತೆ ನಿಲ್ಲಿಸಿದರು. ಹಾಗೆ ಮಾಡಿದ್ದರಿಂದಲೇ ಪ್ರತಿ ಅಂಕಣಕ್ಕೂ ಬೇರೆ ಬೇರೆ ಭುವನೇಶ್ವರಿ, ಅಂದರೆ ಒಳಛಾವಣಿ, ಕೆತ್ತಲು ಅವರಿಗೆ ಅವಕಾಶ ಸಿಕ್ಕಿತು. ಅಲ್ಲಿನ ಒಂದೊಂದು ಛಾವಣಿಯೂ ಒಂದೊಂದು ವಿನ್ಯಾಸ. ಕೆಳಗಿನ ಕಂಬಗಳ ಕ್ರಮ ಕಟ್ಟುನಿಟ್ಟಾಗಿದ್ದಾಗ ಮೇಲಿನ ವೈವಿಧ್ಯಕ್ಕೆ ಮಿತಿ ಇರಲಿಲ್ಲ.

ಕಬ್ಬಿಣ ಬಂದ ಮೇಲೆ ಕಂಬಗಳು ತೆಳ್ಳಗಾಗಿ ದೂರ ಸರಿದವು. 1897ರ ಬೆಂಕಿಯ ನಂತರ ಕಟ್ಟಿದ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋದಿಂದ ತರಿಸಿದ ಎರಕದ ಕಂಬಗಳಿವೆ. ಮರದ ಅಥವಾ ಕಲ್ಲಿನ ಕಂಬಗಳಿದ್ದರೆ ಅಷ್ಟು ತೆರೆದ ಜಾಗ ಅಲ್ಲಿ ಇರುತ್ತಿರಲಿಲ್ಲ. ಆಮೇಲೆ ಕಾಂಕ್ರೀಟು, ಅದರೊಳಗೆ ಉಕ್ಕಿನ ಕಂಬಿ. ಎಳೆತವನ್ನು ಕಂಬಿ ಹಿಡಿದುಕೊಳ್ಳುತ್ತದೆ, ಒತ್ತಡವನ್ನು ಕಾಂಕ್ರೀಟು ಹೊರುತ್ತದೆ. 1914ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೇ ಬರೆದ ಡಾಮ್-ಇನೊ ಮನೆಯ ಚಿತ್ರದಲ್ಲಿ ಇದರ ಸಾಧ್ಯತೆ ಮೊದಲ ಬಾರಿಗೆ ನಿಚ್ಚಳವಾಗಿ ಕಂಡಿತು: ಆರು ಕಂಬ, ಮೂರು ಚಪ್ಪಡಿ, ಒಂದು ಮೆಟ್ಟಿಲು, ಗೋಡೆಯೇ ಇಲ್ಲ. ಗೋಡೆ ಹೊರುವ ಕೆಲಸದಿಂದ ಬಿಡುಗಡೆಯಾಗಿದೆ, ಎಲ್ಲಿ ಬೇಕಾದರೂ ಕಟ್ಟಿಕೊಳ್ಳಿ ಎಂಬುದು ಆ ಚಿತ್ರದ ಸಂದೇಶ. ಜಗತ್ತಿನ ಎಲ್ಲ ಊರುಗಳಂತೆ ಹಲಗೂರಿಗೂ ಆ ಸ್ವಾತಂತ್ರ್ಯ ಬಂದಿದೆ. ಬರುವಾಗ ಅದರ ಅರ್ಧ ಮಾತು ಮಾತ್ರ ಬಂದಿತು ಎಂಬುದು ನನ್ನ ನೋವು. ಗೋಡೆಗೆ ಸ್ವಾತಂತ್ರ್ಯ ಸಿಕ್ಕಿದ್ದು ಆ ಆರು ಕಂಬಗಳು ಸಾಲಾಗಿ, ಕೆಳಗಿನಿಂದ ಮೇಲಿನವರೆಗೆ ಒಂದೇ ಗೆರೆಯಲ್ಲಿ ನಿಂತಿದ್ದರಿಂದ. ನಾವು ಗೋಡೆಯ ಜೊತೆಗೆ ಕಂಬವನ್ನೂ ಬಿಡುಗಡೆ ಮಾಡಿಬಿಟ್ಟೆವು.

ಅಂತರ ಎಂಬುದು ಎಷ್ಟು ಗಂಭೀರ ವಿಚಾರ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ತೊಲೆಯ ಪ್ರತಿ ಅಡಿಯ ಮೇಲೆ ಬೀಳುವ ಭಾರ ಅಷ್ಟೇ ಇರಲಿ, ಕಂಬಗಳ ನಡುವಿನ ದೂರ ಮಾತ್ರ ಒಂದೂವರೆ ಪಟ್ಟಾಗಲಿ. ತೊಲೆಯನ್ನು ಬಾಗಿಸುವ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಅದೇ ದಪ್ಪದ ತೊಲೆ ಇಟ್ಟರೆ ಅದು ಜೋಲುವುದು ಐದು ಪಟ್ಟು. ದೂರ ಇಮ್ಮಡಿಯಾದರೆ ಬಾಗುಬಲ ನಾಲ್ಕು ಪಟ್ಟು, ಜೋಲುವುದು ಹದಿನಾರು ಪಟ್ಟು. ಹಾಲ್ ಇನ್ನೆರಡು ಅಡಿ ದೊಡ್ಡದಾಗಲಿ, ಆ ಪಿಲ್ಲರ್ ಅತ್ತ ಸರಿಸಿ ಎಂದು ಯಜಮಾನರು ಹೇಳುವಾಗ, ಸರಿ ಎಂದು ಮೇಸ್ತ್ರಿ ತಲೆಯಾಡಿಸುವಾಗ, ಈ ಲೆಕ್ಕ ಇಬ್ಬರ ಮನಸ್ಸಿನಲ್ಲೂ ಇರುವುದಿಲ್ಲ. ತೊಲೆಯ ಆಳ ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿರಬೇಕು ಎಂಬ ಅಂದಾಜು ಕೆಲಸ ಬಲ್ಲವರಲ್ಲಿದೆ: ಹತ್ತಡಿಗೆ ಹತ್ತು ಹನ್ನೆರಡು ಅಂಗುಲ, ಹದಿನೈದಡಿಗೆ ಹದಿನೈದು ಹದಿನೆಂಟು ಅಂಗುಲ. ನಿಖರವಾದ ವಿನ್ಯಾಸಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಸಂಹಿತೆ ಐಎಸ್ 456 ಇದೆ. ಅಂದಾಜೂ ಇಲ್ಲದೆ, ಸಂಹಿತೆಯೂ ಇಲ್ಲದೆ ಕಂಬ ಸರಿಸುವುದು ಮಾತ್ರ ಸಲ್ಲದು.

ಈಗ ನಿಜವಾದ ಸೈಟಿಗೆ ಬರೋಣ. ಪೇಟೆಬೀದಿಯಲ್ಲಿ 30ಕ್ಕೆ 40 ಅಡಿಯ ಸೈಟು, 30 ಅಡಿಯ ಬದಿ ರಸ್ತೆಗೆ ಮುಖ. ಅಂಗಡಿ ಸಾಲಿನಲ್ಲಿ ಪಕ್ಕದವರ ಗೋಡೆಗೆ ಗೋಡೆ ತಾಗಿಸಿ ಕಟ್ಟುವುದು ರೂಢಿಯಾದ್ದರಿಂದ ಅಗಲದಲ್ಲಿ ಜಾಗ ಬಿಟ್ಟಿಲ್ಲ ಎಂದುಕೊಳ್ಳಿ. ಕಂಬ 9 ಅಂಗುಲಕ್ಕೆ 12 ಅಂಗುಲ, 9 ಅಂಗುಲದ ಮುಖ ರಸ್ತೆಗೆ. ಮೊದಲ ಕಂಬದ ನಡುವಿನಿಂದ ಕೊನೆಯ ಕಂಬದ ನಡುವಿಗೆ 29 ಅಡಿ 3 ಅಂಗುಲ ಸಿಗುತ್ತದೆ. ಬಾಡಿಗೆ ಲೆಕ್ಕ ಹಾಕಿದವರು ಇದನ್ನು ಸಮನಾಗಿ ಮೂರು ಭಾಗ ಮಾಡುತ್ತಾರೆ: 9 ಅಡಿ 9 ಅಂಗುಲದ ಮೂರು ಅಂಕಣ, ಮೂರು ಶಟರ್, ಮೂರು ಬಾಡಿಗೆ. ಕೆಳಗೆ ಎಲ್ಲ ಚೆನ್ನಾಗಿದೆ. ಮೇಲೆ ಹೋದಾಗ ತೊಡಕು. ಒಂಬತ್ತಡಿಯ ಅಂಕಣ ಹಾಲ್‌ಗೆ ಕಿರಿದು, ಎರಡು ಅಂಕಣ ಸೇರಿಸಿದರೆ ಹತ್ತೊಂಬತ್ತೂವರೆ ಅಡಿ, ಅದು ಅತಿಯಾಯಿತು. ಹನ್ನೆರಡು ಅಡಿಯ ಹಾಲ್ ಬೇಕು. ಆಗ ಮೇಲಿನ ಕಂಬ ಕೆಳಗಿನ ಕಂಬವನ್ನು ಬಿಟ್ಟು ಎರಡು ಅಡಿ ಪಕ್ಕಕ್ಕೆ ಸರಿದು ತೊಲೆಯ ಮೇಲೆ ಹತ್ತಿ ಕೂರುತ್ತದೆ. ಕೆಳಗೆ ನೆಲವಿಲ್ಲದ ಕಂಬ. ಅದರ ಮೇಲೆ ಇನ್ನೊಂದು ಅಂತಸ್ತು ಬಂದಾಗ ಆ ಭಾರವೆಲ್ಲ ಅದಕ್ಕೆಂದು ಕಟ್ಟದ ಒಂದು ತೊಲೆಯ ನಡುವೆ ಬಂದು ಬೀಳುತ್ತದೆ.

ಇದೇ ಸೈಟನ್ನು ಕೆಳಗೂ ಮೇಲೂ ಒಟ್ಟಿಗೆ ನೋಡಿ ಯೋಚಿಸಿದರೆ ಬೇರೊಂದು ದಾರಿ ಹೊಳೆಯುತ್ತದೆ. ಅಂಕಣಗಳು ಸಮನಾಗಿರಲೇಬೇಕೆಂದಿಲ್ಲ. 12 ಅಡಿಯದೊಂದು, ನಡುವೆ 6 ಅಡಿ 3 ಅಂಗುಲದ್ದು, ಆಚೆ 11 ಅಡಿಯದು. ಕೂಡಿದರೆ ಅದೇ 29 ಅಡಿ 3 ಅಂಗುಲ. ಕೆಳಗೆ ಎರಡು ಬದಿಯಲ್ಲಿ ಎರಡು ಒಳ್ಳೆಯ ಅಂಗಡಿ, ನಡುವಿನ ಕಿರಿದಾದ ಅಂಕಣದಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲು ಮತ್ತು ಹಿಂದಕ್ಕೆ ಹೋಗುವ ಓಣಿ. ಮೇಲೆ 12 ಅಡಿಯ ಬದಿಯಲ್ಲಿ ಹಾಲ್ ಮತ್ತು ಅಡುಗೆಮನೆ, 11 ಅಡಿಯ ಬದಿಯಲ್ಲಿ ಮಲಗುವ ಕೋಣೆಗಳು, ನಡುವೆ ಮೆಟ್ಟಿಲು, ಬಚ್ಚಲು, ದೇವರಮನೆ. ಒಂದು ಕಂಬವೂ ಸಾಲು ಬಿಟ್ಟು ಸರಿಯಲಿಲ್ಲ. ಮೂರನೆಯ ಅಂಗಡಿಯ ಬಾಡಿಗೆ ಹೋಯಿತಲ್ಲ ಎನ್ನಬಹುದು. ಮೂರು ಅಂಗಡಿಯ ನಕ್ಷೆಯಲ್ಲಿ ಮೆಟ್ಟಿಲನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆಗೂ ಉತ್ತರ ಬೇಕು. ಎಷ್ಟೋ ಕಟ್ಟಡಗಳಲ್ಲಿ ಅದು ಚರಂಡಿಯ ಮೇಲೆ, ರಸ್ತೆಯ ಜಾಗಕ್ಕೆ ಕಬ್ಬಿಣದ ಏಣಿಯಾಗಿ ಇಳಿದಿರುತ್ತದೆ.

ಉದ್ದದ ಕಡೆ ಇನ್ನೊಂದು ಆಯ್ಕೆಯಿದೆ. ಮುಂದೆ ಹಿಂದೆ ಜಾಗ ಬಿಟ್ಟು 32 ಅಡಿ ಉಳಿಯಿತು ಎಂದರೆ ಕಂಬದ ನಡುವಿನಿಂದ ನಡುವಿಗೆ 31 ಅಡಿ. ಎರಡು ಅಂಕಣವಾದರೆ ಒಂದೊಂದು ಹದಿನೈದೂವರೆ ಅಡಿ, ಒಟ್ಟು 12 ಕಂಬ. ಮೂರು ಅಂಕಣವಾದರೆ ಒಂದೊಂದು 10 ಅಡಿ 4 ಅಂಗುಲ, ಒಟ್ಟು 16 ಕಂಬ. ನಾಲ್ಕು ಕಂಬದ ಮತ್ತು ನಾಲ್ಕು ಪಾಯದ ಖರ್ಚು ಉಳಿಯಿತೆಂದು ಮೊದಲನೆಯದನ್ನು ಆರಿಸಿಕೊಂಡವರಿಗೆ ಆ ಖರ್ಚು ತೊಲೆಯಲ್ಲಿ, ಕಂಬಿಯಲ್ಲಿ, ದೊಡ್ಡ ಪಾಯದಲ್ಲಿ ಮರಳಿ ಬರುತ್ತದೆ. ಹಾಗೆಂದು ಕಂಬಗಳನ್ನು ಹತ್ತಿರ ಹತ್ತಿರ ತಂದಷ್ಟೂ ಒಳ್ಳೆಯದೆಂದಲ್ಲ. ಪಾಯಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಾದರೆ ಅದೂ ದಂಡ. ಇಂಥ ಮನೆಗಳಿಗೆ ಹತ್ತರಿಂದ ಹದಿನಾಲ್ಕು ಅಡಿಯ ಅಂತರ ಹಿತವಾದುದು ಎಂಬುದು ನನ್ನ ಅಭಿಪ್ರಾಯ. ಹದಿನೈದು ದಾಟುವುದಾದರೆ ಕಾರಣ ಗಟ್ಟಿಯಾಗಿರಬೇಕು. ನಮ್ಮಲ್ಲಿ ಹದಿನಾರು ಪಿಲ್ಲರಿನ ಮನೆ, ಇಪ್ಪತ್ತು ಪಿಲ್ಲರಿನ ಮನೆ ಎಂದು ಎಣಿಕೆಯಲ್ಲಿ ಮನೆಯ ಗಟ್ಟಿತನ ಹೇಳುವ ಅಭ್ಯಾಸವಿದೆ. ಸಾಲಿಲ್ಲದೆ ಚೆದುರಿ ನಿಂತ ಇಪ್ಪತ್ತು ಕಂಬಗಳಿಗಿಂತ ಎರಡೂ ದಿಕ್ಕಿನಲ್ಲಿ ತೊಲೆಗಳಿಂದ ಕಟ್ಟಿಕೊಂಡು ನಿಂತ ಹನ್ನೆರಡು ಕಂಬ ಮೇಲು.

ಕಂಬದ ಮುಖವೂ ಯೋಚಿಸಬೇಕಾದ ವಿಷಯ. 9ಕ್ಕೆ 12ರ ಕಂಬ ತನ್ನ ಹನ್ನೆರಡು ಅಂಗುಲದ ದಿಕ್ಕಿನಲ್ಲಿ ಒಂಬತ್ತು ಅಂಗುಲದ ದಿಕ್ಕಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಬಿಗಿ. ಗೋಡೆಯಿಂದ ಹೊರಗೆ ಚಾಚಬಾರದೆಂದು ಎಲ್ಲ ಕಂಬಗಳನ್ನೂ ಒಂದೇ ಕಡೆಗೆ ತಿರುಗಿಸಿ ನಿಲ್ಲಿಸಿದರೆ ಇಡೀ ಕಟ್ಟಡ ಒಂದು ದಿಕ್ಕಿನಲ್ಲಿ ಗಟ್ಟಿ, ಇನ್ನೊಂದು ದಿಕ್ಕಿನಲ್ಲಿ ಸಡಿಲ. ಕೆಲವನ್ನು ಅಡ್ಡಕ್ಕೂ ತಿರುಗಿಸಬೇಕು, ಅದಕ್ಕೆ ತಕ್ಕಂತೆ ಅಂಕಣದ ಅಳತೆ ಮೂರು ಅಂಗುಲ ಆಚೀಚೆ ಆಗುತ್ತದೆ. ಕಾಗದದ ಮೇಲಾದರೆ ಇದು ಒಂದು ಗಳಿಗೆಯ ಕೆಲಸ.

“ನಾನ್ ಕಟ್ಟಿರೋ ಮನೆ ಒಂದಾದ್ರೂ ಬಿದ್ದಿದ್ಯಾ ಸಾ?” ಎಂಬ ಮೇಸ್ತ್ರಿಗಳ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಕೈಯಲ್ಲಿ ಅನುಭವವಿದೆ, ಮೂಲೆಮಟ್ಟ ಹಿಡಿದರೆ ಕೂದಲೆಳೆಯಷ್ಟು ತಪ್ಪುವುದಿಲ್ಲ. ಆದರೆ ಅವರ ಅನುಭವದ ಬಹುಭಾಗ ಒಂದು ಅಂತಸ್ತಿನ, ಗೋಡೆಯೇ ಭಾರ ಹೊರುವ ಮನೆಗಳಿಂದ ಬಂದದ್ದು. ಅಲ್ಲಿ ಕಂಬ ಸ್ವಲ್ಪ ಅತ್ತಿತ್ತ ಆದರೂ ಗೋಡೆ ಕಾಪಾಡುತ್ತಿತ್ತು. ಕೆಳಗೆ ಶಟರ್ ಬಾಗಿಲುಗಳು ಬಂದು ಮುಂದಿನ ಗೋಡೆಯೇ ಮಾಯವಾದ ಕಟ್ಟಡದಲ್ಲಿ ಕಂಬಗಳನ್ನು ಬಿಟ್ಟರೆ ಹೊರುವವರು ಯಾರೂ ಇಲ್ಲ. 2001ರ ಜನವರಿ 26ರಂದು ಭುಜ್ ಕಂಪಿಸಿದಾಗ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಅವುಗಳಲ್ಲಿ ಅನೇಕವು ವಾಹನ ನಿಲ್ಲಿಸಲೆಂದು ಕೆಳಗಿನ ಅಂತಸ್ತನ್ನು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಬಿಟ್ಟವು. ಮೇಲೆ ಗೋಡೆಗಳಿಂದ ಬಿಗಿ, ಕೆಳಗೆ ಸಡಿಲ. ಮಣ್ಣು ಅಲುಗಿದಾಗ ಎಲ್ಲ ಓಲಾಟವೂ ಕೆಳಗಿನ ಕಂಬಗಳ ಪಾಲಿಗೆ ಬಂತು. ನಮ್ಮ ಪೇಟೆಬೀದಿಯ ಅಂಗಡಿಮನೆಗಳ ಸ್ವರೂಪವೂ ಅದೇ.

ನಮ್ಮದು ಭೂಕಂಪದ ಸೀಮೆಯಲ್ಲವಲ್ಲ ಎಂಬ ಸಮಾಧಾನ ಇದೆ. 2016ರ ಭೂಕಂಪ ಸಂಹಿತೆಯ ನಕ್ಷೆಯಲ್ಲಿ ಮಂಡ್ಯ ಜಿಲ್ಲೆ ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿತ್ತು ಎಂಬುದು ನಿಜ. ಆದರೆ 1993ರ ಸೆಪ್ಟೆಂಬರ್ 30ರಂದು ಭೂಕಂಪ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಲಾತೂರಿನ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ನೆಲವಿಲ್ಲದ ಕಂಬಗಳು ಕಟ್ಟಡದ ಮುಖ್ಯ ಚೌಕಟ್ಟಿನ ಭಾಗವಾಗಿ ಇರಕೂಡದು ಎಂದು ಅದೇ 2016ರ ಸಂಹಿತೆ ಹೇಳಿರುವುದು ಹಾನಿಯೆಲ್ಲ ಒಂದೇ ಕಡೆ ಬಂದು ಕೂಡುತ್ತದೆ ಎಂಬ ಕಾರಣಕ್ಕೆ. ಭೂಮಿ ಅಲುಗದಿದ್ದರೂ ಇಂಥ ಕಟ್ಟಡ ಸುಮ್ಮನಿರುವುದಿಲ್ಲ. ತೊಲೆಯ ತಳದಲ್ಲಿ ಬಿರುಕು, ಗೋಡೆಯಲ್ಲಿ ಓರೆ ಸೀಳು, ಕದ ಹಾಕಲು ಬಾರದ ಬಾಗಿಲು, ಮಳೆಗಾಲದಲ್ಲಿ ಸೋರುವ ಮೋಲ್ಡು: ಇವೆಲ್ಲ ಕಂಬದ ಅಂತರ ತಪ್ಪಿದ್ದರಿಂದಲೂ ಬರುತ್ತವೆ. ನಾವು ಮಾತ್ರ ಸಿಮೆಂಟನ್ನು ಬೈಯುತ್ತೇವೆ.

ಲೆಕ್ಕದಲ್ಲಿ ಸಾಮಾನ್ಯವಾಗಿ ಬಾರದ, ಆದರೆ ಈ ಸೀಮೆಯಲ್ಲಿ ಬದುಕಿದವರಿಗೆಲ್ಲ ಗೊತ್ತಿರುವ ಎರಡು ಸಂಗತಿಗಳಿವೆ. ಮೊದಲನೆಯದು ಪಾಲು. ಅಣ್ಣತಮ್ಮಂದಿರು ಬೇರೆಯಾಗುವಾಗ ಜಮೀನನ್ನು ಸರಪಳಿ ಹಿಡಿದು ಅಳೆದು ಹಂಚಬಹುದು. ಮನೆಯನ್ನು ಹಂಚುವಾಗ ಗೋಡೆ ಎಲ್ಲಿ ಏಳಬೇಕು? ಕಂಬಗಳ ಸಾಲಿನ ಮೇಲೆ ಎದ್ದರೆ ಕೆಳಗೆ ತೊಲೆಯಿದೆ, ಹೊರುತ್ತದೆ. ಕಂಬಗಳು ಅಡ್ಡಾದಿಡ್ಡಿಯಾಗಿದ್ದರೆ ಪಾಲಿನ ಗೋಡೆ ಚಪ್ಪಡಿಯ ನಟ್ಟನಡುವೆ ಏಳುತ್ತದೆ. ಇಟ್ಟಿಗೆ ಗೋಡೆಯ ಭಾರ ಹೊರಲು ಆ ಚಪ್ಪಡಿಯನ್ನು ಹಾಕಿರುವುದಿಲ್ಲ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಕಂಬಗಳ ಒಂದು ಸಾಲನ್ನು ಮುಂದೆಂದಾದರೂ ಬೇಕಾಗಬಹುದಾದ ಆ ಗೆರೆಯ ಮೇಲೆ ನಿಲ್ಲಿಸಿಡುವುದು ಅಪಶಕುನವಲ್ಲ, ವಿವೇಕ. ಎರಡನೆಯದು ರಸ್ತೆ. ಹೆದ್ದಾರಿ ಹಾದುಹೋಗುವ ಊರುಗಳಲ್ಲಿ ರಸ್ತೆ ಒಂದಲ್ಲ ಒಂದು ದಿನ ಅಗಲವಾಗುತ್ತದೆ, ಮುಂಭಾಗಕ್ಕೆ ಕೆಂಪು ಗುರುತು ಬೀಳುತ್ತದೆ. ಮುಂದಿನ ಅಂಕಣ ತನ್ನ ಕಂಬಗಳ ಮೇಲೆ ತಾನು ನಿಂತಿದ್ದರೆ, ಅದರ ಹಿಂದೆ ಪೂರ್ತಿ ಚೌಕಟ್ಟೊಂದು ಇದ್ದರೆ, ಆ ಗೆರೆಯಲ್ಲಿ ಕತ್ತರಿಸಿ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಆರಡಿ ಒಡೆಯಲು ಹೋಗಿ ಮನೆಯೆಲ್ಲ ನಡುಗುತ್ತದೆ.

ಕಾಂಕ್ರೀಟು ಮನೆಗಳಷ್ಟನ್ನೇ ಹೇಳಿದರೆ ಹಲಗೂರಿನ ಸುತ್ತಲಿನ ಹಳ್ಳಿಗಳಿಗೆ ಅನ್ಯಾಯವಾದೀತು. ಮಳವಳ್ಳಿ ತಾಲ್ಲೂಕು ಕಬ್ಬು ಮತ್ತು ರೇಷ್ಮೆಯ ಸೀಮೆ. ಹುಳು ಸಾಕುವ ಮನೆಯ ಅಂಕಣ ನಿರ್ಧಾರವಾಗಬೇಕಾದದ್ದು ಹುಳುವಿನಿಂದ. ಕೊಂಬೆ ಪದ್ಧತಿಯಲ್ಲಿ ಸ್ಟ್ಯಾಂಡಿನ ಅಗಲ ಸಾಮಾನ್ಯವಾಗಿ 5 ಅಡಿ. ಎರಡೂ ಬದಿಯಿಂದ ಕೈ ಎಟುಕಬೇಕು. ಸೊಪ್ಪು ಹೊತ್ತು ಓಡಾಡಲು 3 ಅಡಿ ಬೇಕು. ಎರಡು ಸಾಲು ಸ್ಟ್ಯಾಂಡು, ಮೂರು ಓಡಾಡುವ ದಾರಿ ಸೇರಿದರೆ ಗೋಡೆಯಿಂದ ಗೋಡೆಗೆ 19 ಅಡಿ. ಈ 19 ಅಡಿಯ ನಡುವೆ ಒಂದು ಕಂಬ ಬಂದರೂ ಅದು ನಡುದಾರಿಯಲ್ಲೋ ಸ್ಟ್ಯಾಂಡಿನಲ್ಲೋ ತೊಡರುತ್ತದೆ. ಆದ್ದರಿಂದ ಅಗಲಕ್ಕೆ ನಡುಗಂಬವಿಲ್ಲದ ಚೌಕಟ್ಟು, ಉದ್ದಕ್ಕೆ ಹತ್ತತ್ತು ಅಡಿಗೆ ಒಂದರಂತೆ ಅದೇ ಚೌಕಟ್ಟಿನ ಪುನರಾವರ್ತನೆ: 50 ಅಡಿಯ ಮನೆಗೆ ಐದು ಅಂಕಣ, ಆರು ಚೌಕಟ್ಟು. ಕಿಟಕಿಗಳು ಅಂಕಣದ ನಡುವೆ ಎದುರುಬದುರಾಗಿ ಬೀಳುತ್ತವೆ, ಗಾಳಿ ನೇರ ಹಾಯುತ್ತದೆ. ಮುಂದೆ ಒಂದು ಅಂಕಣವನ್ನು ಜಗುಲಿಯಾಗಿ ತೆರೆದಿಟ್ಟರೆ ಹುಳು ಗೂಡು ಕಟ್ಟುವ ಚಂದ್ರಿಕೆ ಒರಗಿಸಲು ನೆರಳಾಯಿತು. ನಾಳೆ ಬೆಳೆ ಹೆಚ್ಚಾದರೆ ಉದ್ದಕ್ಕೆ ಇನ್ನೆರಡು ಅಂಕಣ ಸೇರಿಸಬಹುದು, ಮೊದಲಿನದನ್ನು ಮುಟ್ಟಬೇಕಾಗಿಲ್ಲ. ಆಲೆಮನೆಯ ಲೆಕ್ಕವೂ ಇದೇ ಜಾತಿಯದು. ಗಾಣ, ಒಲೆ, ಕೊಪ್ಪರಿಗೆ, ಅಚ್ಚು ಹಾಕುವ ಜಾಗ, ಕಬ್ಬಿನ ಟ್ರ್ಯಾಕ್ಟರ್ ತಿರುಗುವ ಜಾಗ ಮೊದಲು ನೆಲದ ಮೇಲೆ ಗುರುತಾಗಬೇಕು. ಬಿಸಿಪಾಕ ಹೊತ್ತು ನಡೆಯುವ ದಾರಿಯಲ್ಲಿ ಕಂಬ ನಿಲ್ಲಬಾರದು.

ತಗಡಿನ ಶೆಡ್ಡಿಗೆ ಭಾರಕ್ಕಿಂತ ದೊಡ್ಡ ಶತ್ರು ಗಾಳಿ. ಮೈಸೂರು, ಬೆಂಗಳೂರುಗಳಿಗೆ ಗಾಳಿಭಾರದ ಸಂಹಿತೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದ ನಕ್ಷೆಯಲ್ಲಿ ಇದು ಅತಿ ಕಡಿಮೆಯ ದರ್ಜೆ. ಆದರೂ ಅದು ಚದರ ಮೀಟರಿಗೆ ಸುಮಾರು 65 ಕಿಲೋ ಬಲವಾಗುತ್ತದೆ. ತೆಳು ತಗಡಿನ ತೂಕ ಚದರ ಮೀಟರಿಗೆ ಐದು ಕಿಲೋಗಿಂತ ಹೆಚ್ಚಿಲ್ಲ. ಹತ್ತಡಿ ಅಂತರದಲ್ಲಿ ನಿಂತ ಇಪ್ಪತ್ತಡಿ ಅಗಲದ ಒಂದು ಚೌಕಟ್ಟನ್ನು ಅಂಥ ಗಾಳಿ ಅಂದಾಜು 1,200 ಕಿಲೋ ಬಲದಿಂದ ಮೇಲಕ್ಕೆ ಕೀಳಬಲ್ಲದು. ಅಂತರವನ್ನು ಇಪ್ಪತ್ತಡಿ ಮಾಡಿದರೆ ಈ ಬಲ ಇಮ್ಮಡಿ, ತಗಡು ಹಿಡಿಯುವ ಅಡ್ಡಪಟ್ಟಿಗಳ ಮೇಲಿನ ಬಾಗುಬಲ ನಾಲ್ಕು ಪಟ್ಟು. ಕಬ್ಬಿಣ ಉಳಿಸಲೆಂದು ನಡುವಿನ ಒಂದು ಚೌಕಟ್ಟು ಬಿಟ್ಟವರ ತಗಡು ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಪಕ್ಕದ ಗದ್ದೆಗೆ ಹಾರುವುದು ಈ ಕಾರಣಕ್ಕೆ. ತಗಡಿನ ಅಂಚುಗಳಲ್ಲಿ ಗಾಳಿಯ ಸೆಳೆತ ನಡುಭಾಗಕ್ಕಿಂತ ಜಾಸ್ತಿ. ಹಾಗಾಗಿ ಎರಡೂ ತುದಿಯ ಅಂಕಣಗಳನ್ನು ಕಿರಿದು ಮಾಡಿ, ಅಲ್ಲೇ ಕತ್ತರಿಯಾಕಾರದ ಓರೆಪಟ್ಟಿ ಕೊಟ್ಟು ಬಿಗಿಯುವುದು ಒಳ್ಳೆಯದು.

ಮಣ್ಣಿನ ಮಾತನ್ನೂ ಆಡದೆ ಬಿಡುವಂತಿಲ್ಲ. ಹಲಗೂರಿನ ಸುತ್ತ ಕೆಂಪು ಗರಸುನೆಲವೂ ಇದೆ, ಬಂಡೆಯೂ ಇದೆ. ಕಾಲುವೆ ನೀರು ಕಂಡ ತಗ್ಗಿನ ಗದ್ದೆಗಳಲ್ಲಿ ಜೇಡಿಯೂ ಇದೆ. ಅಂತಸ್ತಿಗೆ ಚದರ ಮೀಟರಿಗೆ ಒಂದು ಟನ್ ಎಂದು ಹಿಡಿದರೆ, ಹತ್ತಡಿ ಅಂಕಣದ ಒಳಗಂಬಕ್ಕೆ ಮೂರು ಅಂತಸ್ತಿನಲ್ಲಿ ಸುಮಾರು 28 ಟನ್. ಹದಿನೈದಡಿ ಅಂಕಣದಲ್ಲಿ ಅದೇ ಕಂಬಕ್ಕೆ 63 ಟನ್. ಮಣ್ಣು ಚದರ ಮೀಟರಿಗೆ 10 ಟನ್ ಮಾತ್ರ ತಾಳುವಂಥದ್ದಾದರೆ ಮೊದಲನೆಯದಕ್ಕೆ ಐದೂವರೆ ಅಡಿ ಚೌಕದ ಪಾಯ ಸಾಕು, ಎರಡನೆಯದಕ್ಕೆ ಎಂಟಡಿಗೂ ಮೀರಿದ್ದು ಬೇಕು. ಗದ್ದೆಯನ್ನು ಸೈಟು ಮಾಡಿ ಕಟ್ಟುವವರು ಕಂಬಗಳನ್ನು ಹತ್ತಿರ ತರಬೇಕು. ಪಕ್ಕದವರ ಗೋಡೆಗೆ ತಾಗಿದ ಕಂಬದ ಪಾಯ ಗಡಿ ದಾಟಿ ಹೋಗುವಂತಿಲ್ಲವಾದ್ದರಿಂದ ಅದು ಒಂದು ಬದಿಗೆ ವಾಲಿಕೊಂಡು ಕೂರುತ್ತದೆ. ಅದನ್ನು ಒಳಗಿನ ಕಂಬದ ಪಾಯದ ಜೊತೆ ಕೂಡಿಸಿ ಕಟ್ಟಬೇಕು, ಇಲ್ಲವೇ ಕಂಬದ ಸಾಲನ್ನೇ ಸ್ವಲ್ಪ ಒಳಗೆ ತರಬೇಕು.

ಈ ಲೆಕ್ಕವನ್ನೆಲ್ಲ ಹಾಕಿಸಲು ಎಂಜಿನಿಯರಿಗೆ ಸಾವಿರಾರು ರೂಪಾಯಿ ಕೊಡುವುದು ಎಲ್ಲರಿಂದಲೂ ಆಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಬಾಗಿಲಿನ ಕೆತ್ತನೆಗೆ, ಮುಂಭಾಗದ ಟೈಲ್ಸಿಗೆ, ಗೃಹಪ್ರವೇಶದ ಊಟಕ್ಕೆ ಹೋಗುವುದರ ಸಣ್ಣ ಪಾಲಿನಲ್ಲಿ ಈ ಕೆಲಸ ಆಗುತ್ತದೆ. ಅದೂ ಆಗದವರಿಗೆ ಸಾರ್ವಜನಿಕ ವ್ಯವಸ್ಥೆ ಬೇಕು. ಗ್ರಾಮ ಪಂಚಾಯಿತಿಗೆ ಮನೆ ಕಟ್ಟುವ ಪರವಾನಗಿ ಕೇಳುವಾಗ ಕೋಣೆಗಳ ನಕ್ಷೆಯ ಜೊತೆ ಕಂಬಗಳ ಒಂದು ಹಾಳೆಯನ್ನೂ ಕಡ್ಡಾಯ ಮಾಡಬೇಕು. ಕಟ್ಟಲಿರುವ ಮತ್ತು ಮುಂದೆ ಕಟ್ಟಬೇಕೆಂದಿರುವ ಎಲ್ಲ ಅಂತಸ್ತುಗಳೂ ಒಂದರ ಮೇಲೊಂದು ಅದರಲ್ಲಿ ಕಾಣಬೇಕು. ಕಂಬದ ನಡುವಿನಿಂದ ನಡುವಿಗೆ ಅಳತೆ, ಕಂಬದ ಮುಖ, ಪಾಯದ ಅಳತೆ, ಮೆಟ್ಟಿಲಿನ ಜಾಗ, ತಾರಸಿಯ ಮೇಲೆ ನೀರಿನ ಟ್ಯಾಂಕು ಕೂರುವ ಜಾಗ ಇರಬೇಕು. ಸಾವಿರ ಲೀಟರ್ ಟ್ಯಾಂಕೆಂದರೆ ತುಂಬಿದಾಗ ಒಂದು ಟನ್, ಅದು ಚಪ್ಪಡಿಯ ನಡುವಲ್ಲ, ಕಂಬಗಳ ಸಾಲಿನ ಮೇಲೆ ಕೂರಬೇಕು. ಮಂಡ್ಯದಲ್ಲಿ 1962ರಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಇದೆ. ಸಿವಿಲ್ ವಿಭಾಗದ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಹೋಬಳಿಗೊಂದು ದಿನ ಕೂತು ಬಡವರ ಮನೆಗಳ ಕಂಬಗಳ ಹಾಳೆಯನ್ನು ನೋಡಿಕೊಡುವ ಏರ್ಪಾಡು ಮಾಡಿದರೆ ಪಾಠಕ್ಕೆ ಪಾಠವೂ ಆಗುತ್ತದೆ, ಹಲಗೂರಿನಂಥ ಊರಿಗೆ ಉಪಕಾರವೂ ಆಗುತ್ತದೆ. ಆ ಕೂಟಕ್ಕೆ ಮೇಸ್ತ್ರಿಗಳನ್ನು ಮೊದಲು ಕರೆಯಬೇಕು. ಹಾಳೆಯನ್ನು ನೆಲಕ್ಕೆ ಇಳಿಸುವವರು ಅವರೇ.

ಹಾಳೆಯ ಒಂದು ಪ್ರತಿ ಪಂಚಾಯಿತಿ ಕಡತದಲ್ಲಿ, ಇನ್ನೊಂದು ಮನೆಯ ಖಾತಾ ಪತ್ರದ ಜೊತೆ ಇರಲಿ. ಎರಡನೆಯ ಅಂತಸ್ತಿಗೆ ಪರವಾನಗಿ ಕೇಳಿ ಬಂದವರಿಂದ ಪಂಚಾಯಿತಿ ಮೊದಲು ಕೇಳಬೇಕಾದದ್ದು ಆ ಹಾಳೆಯನ್ನು. ಮನೆ ಕೊಳ್ಳಲು ಬಂದವರು ನೋಡಬೇಕಾದದ್ದೂ, ಬ್ಯಾಂಕಿನವರು ಸಾಲ ಕೊಡುವ ಮುಂಚೆ ಕೇಳಬೇಕಾದದ್ದೂ ಅದನ್ನೇ. ಮೂರು ಅಂತಸ್ತಿಗೆಂದು ಹಾಕಿದ ಪಾಯವೋ ಒಂದಕ್ಕೆಂದು ಹಾಕಿದ್ದೋ ಎಂಬುದು ಮಣ್ಣು ಮುಚ್ಚಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಹಾಕಿದ ಮೇಸ್ತ್ರಿ ಆ ಹೊತ್ತಿಗೆ ಊರಲ್ಲಿ ಇರುತ್ತಾರೆಂಬ ಭರವಸೆಯೂ ಇಲ್ಲ.